ಆರನೇ ಮಂಚ, ಮೇಲಿನದು

ಕೆಳಗಿನದೇ ಬೇಕೆಂದು ಬರೆದಿದ್ದೆ, ಮಂಡಿನೋವಿನ ಕಾರಣ ಕೊಟ್ಟು.
ಸಿಕ್ಕಿದ್ದು ಮೇಲಿನದು.
ಕೆಳಗೆ ಲಾತ್ವಿಯಾದ ಇಲ್ಜೆ
ಒದ್ದೆ ಟವೆಲನ್ನೇ ಪರದೆ ಮಾಡಿಕೊಂಡು
ನಿದ್ದೆ ಹೋಗಿದ್ದಾಳೆ, ಮಧ್ಯಾಹ್ನ ಮೂರಕ್ಕೆ.

ಬಾಣಾವಲಿಯ ಈ ಹಾಸ್ಟೆಲಿನಲ್ಲಿ
ಹೆಂಗಸರಿಗೆ ಒಂದು ಕೋಣೆ, ಎಂಟು ಮಂಚ, ಒಂದೇ ಬಚ್ಚಲು.
ಬೀಗ ಮಾತ್ರ ನಿಮ್ಮದೇ ತರಬೇಕು.
ತಂದಿದ್ದೆ. ಮೂವತ್ತು ವರ್ಷ
ಧಾರವಾಡದ ಖಜಾನೆ ಕಚೇರಿಯಲ್ಲಿ ಕೂತವಳು
ಬೀಗ ಮರೆಯುವುದುಂಟೆ?
ಹಿತ್ತಾಳೆಯದು, ಏಳು ಲಿವರಿನದು,
ಲಾಕರಿನ ತಗಡಿನ ಬಾಗಿಲಿಗೆ ಹಾಕಿದರೆ
ಎಳೆಗೂಸಿನ ಕಿವಿಗೆ ಅಜ್ಜಿಯ ಬುಗುಡಿ ತೊಡಿಸಿದ ಹಾಗೆ.

ಏಣಿಗೆ ಐದು ಮೆಟ್ಟಿಲು.
ಹತ್ತುವಾಗ ದೇವರ ನೆನಪು,
ಇಳಿಯುವಾಗ ದೇವರ ಮೇಲೆ ಸಿಟ್ಟು.
ರಾತ್ರಿ ಒಂದಕ್ಕೆ ಎಚ್ಚರಾದರೆ
ಮೂರರವರೆಗೂ ಅದೇ ಲೆಕ್ಕ:
ಇಳಿಯಲೋ, ಬೆಳಗಿನ ತನಕ ತಡೆಯಲೋ.

ಮೂರನೇ ಮಂಚದ ಗೊರಕೆಗೆ ಒಂದು ಲಯವಿತ್ತು, ಪರವಾಗಿಲ್ಲ.
ತಡೆಯಲಾಗದ್ದು ಪ್ಲಾಸ್ಟಿಕ್ ಚೀಲ.
ನಸುಕಿನ ಬಸ್ಸಿಗೆ ಹೊರಟ ಯಾರೋ
ಸದ್ದಾಗಬಾರದೆಂದು
ನಿಧಾನಕ್ಕೆ, ಇನ್ನೂ ನಿಧಾನಕ್ಕೆ
ಮಡಿಸುತ್ತಲೇ ಇದ್ದಳು ಅದನ್ನು, ಅರ್ಧ ಗಂಟೆ.

ಅಡುಗೆಮನೆಯ ಗೂಡಿನಲ್ಲಿಟ್ಟ ನನ್ನ ಶೇಂಗಾ ಹಿಂಡಿ
ಎರಡೇ ದಿನಕ್ಕೆ ಅರ್ಧವಾಗಿತ್ತು.
ಕದ್ದವಳು ತಾನಾಗಿಯೇ ಬಂದಳು, ಇಂಫಾಲದ ಲಿಂಥೋಯ್,
ಒಣಮೀನಿನ ತನ್ನ ಡಬ್ಬಿ ಮುಂದಿಟ್ಟು
"ನೀವೂ ಕದಿಯಿರಿ" ಅಂದಳು.
ಲಿಂಗವಂತರ ಮನೆಯವಳು ನಾನು,
ಮುಚ್ಚಳ ತೆಗೆದು, ಮೂಸಿ, ಮುಚ್ಚಿಟ್ಟೆ.
ಹೊಟ್ಟೆ ಹಿಡಿದು ನಕ್ಕೆವು ಇಬ್ಬರೂ,
ಹನ್ನೊಂದಾಯಿತು ದೀಪ ಆರಿಸಿ ಎಂದು ಎಲ್ವಿರಾ ಬಂದು ಗದರುವ ತನಕ.

ನಾಲ್ಕು ದಿನ ಮುರುಕು ಇಂಗ್ಲಿಷಿನಲ್ಲಿ ಬದುಕಿದೆ.
ಒಬ್ಬರೇ ಯಾಕೆ ಬಂದಿರಿ ಅಂತ ಯಾರೂ ಕೇಳಲಿಲ್ಲ,
ಅದೊಂದು ಸುಖ.
ಬೆಳಿಗ್ಗೆ ಮಾತಾಡಿದವರು ಸಂಜೆಗಿಲ್ಲ,
ಅವರ ಹಾಸಿಗೆ ಮೇಲೆ ಮಡಿಸಿಟ್ಟ ಒಗೆದ ಹೊದಿಕೆ.
ಅದು ಸುಖವೋ ಅಲ್ಲವೋ ತಿಳಿಯಲಿಲ್ಲ.

ಹೊರಡುವ ದಿನ ಹೊದಿಕೆ ಎಳೆಯಲು ಬಂದವಳು
ನನ್ನ ಕೈಚೀಲದ ಮೇಲಿನ ಅಂಗಡಿಯ ಹೆಸರು ಕಂಡು
"ಯಾವೂರ್ರೀ ಅಕ್ಕಾರ?" ಅಂದಳು.
ಹುನಗುಂದದ ಫಕೀರವ್ವ. ಗೋವಾಕ್ಕ ಬಂದು ಹನ್ನೆರಡು ವರ್ಷ.
ನಾಲ್ಕು ದಿನ ಎದುರಾಬದುರು ಓಡಾಡಿದ್ದೆವು,
"ಪ್ಲೀಸ್", "ಥ್ಯಾಂಕ್ಯೂ" ಅನ್ನುತ್ತ.
ಯಾರು ಸಮುದ್ರಕ್ಕ ಹೋಗಿದ್ರು, ಯಾರು ಹೋಗದ ಅತ್ರು,
ಹೊದಿಕಿ ಝಾಡಿಸಿದ್ರ ಗೊತ್ತಾಗತದ, ಅಂದಳು.
ಆಮೇಲೆ, ದನಿ ತಗ್ಗಿಸಿ:
"ಮ್ಯಾಲ ಮಲಕ್ಕೊಂಡ್ರ ಹೆಂಗನಸ್ತದ್ರೀ?"
ಹತ್ತಿ ನೋಡಬಾ ಅಂದೆ.
ಬಾಗಿಲ ಕಡೆ ಒಮ್ಮೆ ನೋಡಿ, ಸೀರೆ ಎತ್ತಿ ಕಟ್ಟಿ
ಸರಸರ ಏರಿದಳು, ನನಗೆ ನಾಚಿಕೆಯಾಗುವಷ್ಟು.
ಒಂದು ನಿಮಿಷ ಅಂಗಾತ ಮಲಗಿದಳು.
"ಫ್ಯಾನಿನ ಮ್ಯಾಲಿನ ಧೂಳು ಕಾಣ್ತದ" ಅಂದಳು.
ಇಳಿದು ಒದ್ದೆ ಬಟ್ಟೆ ತರಲು ಹೋದಳು.

ಲೋಂಡಾ ದಾಟಿದ ಮೇಲೆ ಕೈಗೆ ತಾಗಿತು
ಸೊಂಟದ ಚೀಲದಲ್ಲಿ ಕೀಲಿಕೈ.
ಆರನೇ ಲಾಕರಿಗೆ ಬೀಗ ಜಡಿದೇ ಬಂದಿದ್ದೆ,
ಒಳಗೆ ಏನೂ ಇಲ್ಲ.
ಫೋನಿನಲ್ಲಿ ಎಲ್ವಿರಾ ನಂಬಲೊಲ್ಲಳು:
ಏನೂ ಇಲ್ಲದ್ದಕ್ಕೆ ಅಷ್ಟು ದೊಡ್ಡ ಬೀಗವೇ?
ಒಡೆಯಿರಿ ಅಂದೆ.
ಎರಡು ದಿನ ಬಿಟ್ಟು ಅವಳದೇ ಫೋನು:
ಒಡೆಯುತ್ತಿಲ್ಲ.

ಅಂಚೆಗೆ ಹಾಕಬೇಕು ಕೀಲಿಕೈ.
ನಾಳೆ ಹಾಕುತ್ತೇನೆ.