ಮಂಡಿ

ಬೆಳಗಿನ ಜಾವ ನಾಲ್ಕೂಮುಕ್ಕಾಲು.
ಕೋಲಾರದ ಟೊಮೆಟೊ ಯಾರ್ಡಿನಲ್ಲಿ ಹರಾಜಿನ ಗಂಟಲು ಇನ್ನೂ ಎದ್ದಿಲ್ಲ.
ಲಾರಿಗಳು ಟಾರ್ಪಾಲು ಹೊದ್ದು ಮಲಗಿವೆ.
ಅಂತರಗಂಗೆ ಬೆಟ್ಟ ಕತ್ತಲಲ್ಲಿ ಇನ್ನೂ ದಪ್ಪ ಕಾಣುತ್ತದೆ,
ನನ್ನ ಹಾಗೆ.

ಮಂಡಿಯಲ್ಲಿ ಚೀಟಿ ಬರೆಯುವವಳು ನಾನು.
ಹತ್ತೊಂಬತ್ತು ವರ್ಷ ಕೂತಲ್ಲೇ ಬರೆದೆ:
ಇಷ್ಟು ಬಾಕ್ಸು, ಇಷ್ಟು ರೇಟು, ಇಷ್ಟು ಕಮಿಷನ್ನು.
ಸುತ್ತಿನ ಊರುಗಳ ಹಣ್ಣೆಲ್ಲ ನನ್ನ ಕಣ್ಣೆದುರು ತೂಗಿ ಹೋಯಿತು,
ನನ್ನನ್ನು ಮಾತ್ರ ಯಾರೂ ತೂಗಿರಲಿಲ್ಲ.

ಶುಗರ್ ಡಾಕ್ಟರು ಕನ್ನಡಕದ ಮೇಲಿಂದ ನೋಡಿದ ದಿನ
ಎಲ್ಲರೂ ಊಟಕ್ಕೆ ಹೋಗಲಿ ಅಂತ ಕಾದಿದ್ದು
ಕಾಟಾ ಹತ್ತಿದೆ.
ಎಂಬತ್ತೆಂಟು.
ಬಾಕ್ಸಿಗೆ ಹದಿನೈದು ಕೆಜಿ ಲೆಕ್ಕ,
ಆರು ಬಾಕ್ಸಿಗೆ ಎರಡೇ ಕಮ್ಮಿ.
ಹರಾಜಿಗಿಟ್ಟಿದ್ದರೆ ಯಾರು ಕೂಗುತ್ತಿದ್ದರೋ.

ಮೊದಲ ದಿನ ಓಡಿದ್ದು ಎರಡು ಲೈಟುಕಂಬ.
ಮೂರನೆಯದನ್ನು ತಬ್ಬಿಕೊಂಡು ನಿಂತೆ.
ಎದೆಯೊಳಗೆ ಯಾರೋ ಹಳೇ ಡೀಸೆಲ್ ಪಂಪಿನ ಹಗ್ಗ ಎಳೆಯುತ್ತಿದ್ದರು,
ಹತ್ತದು, ಹತ್ತದು.
ಬೊಗಳಲೆಂದು ಎದ್ದ ನಾಯಿ
ನನ್ನ ಮುಖ ನೋಡಿ ಮತ್ತೆ ಮಲಗಿತು.

ನೋವುಗಳು ನೆಂಟರ ಹಾಗೆ ಬಂದವು.
ಮೊದಲು ಹಿಮ್ಮಡಿ, ಒಂಟಿಯಾಗಿ, ಸಂಕೋಚದಿಂದ.
ಆಮೇಲೆ ಮೀನಖಂಡ. ಆಮೇಲೆ ಸೊಂಟ, ಚೀಲ ಸಮೇತ.
ಕೊನೆಗೆ ಬಂದ ಮಂಡಿ
ಹೊರಡುವ ಮಾತೇ ಎತ್ತಲಿಲ್ಲ.
"ಮಂಡೀದೇ ತೊಂದರೆ" ಅಂದರೆ ನಾದಿನಿ ಕೇಳಿದಳು:
"ಯಾಕೆ, ರೇಟು ಬಿತ್ತಾ?"

ಎಣ್ಣೆ, ಉಪ್ಪಿನ ಶಾಖ, ಎಕ್ಕದೆಲೆ.
ಮೆಟ್ಟಿಲು ಇಳಿಯುವಾಗ ಗೋಡೆಯ ಹೆಗಲು.

ಹಮಾಲಿ ಗೌಸ್ ಪೀರ್ ಒಂದು ದಿನ ಲಾರಿ ಮೇಲಿಂದ ನೋಡಿ
ಬೀಡಿ ಆರಿಸಿ ಅಂದ:
"ಅಲುಮೇಲಕ್ಕಾ, ಆಲೂಗಡ್ಡೆ ಮೂಟೆ ಎಸೆದಂಗೆ ಕಾಲು ಎಸೀತೀಯ.
ಹಣ್ಣಿನ ಬಾಕ್ಸು ಇಳಿಸ್ದಂಗೆ ಇಳ್ಸು.
ಸದ್ದು ಬಂತೋ, ಅಡೀದು ಒಡೀತು ಅಂತ ಲೆಕ್ಕ."
ಅವನ ಎರಡೂ ಮಂಡಿಗೆ ಹಳೇ ಲುಂಗಿಯ ಪಟ್ಟಿ ಸುತ್ತಿತ್ತು.
ಅವನಿಗೆ ನಾಳೆ ರಜವಿಲ್ಲ. ನನಗಿತ್ತು.
ಒಂದು ದಿನ ಓಟ, ಒಂದು ದಿನ ಬಿಡುವು.

ಅಂದಿನಿಂದ ಹೆಜ್ಜೆ ಚಿಕ್ಕದು.
ಬಾಯಲ್ಲಿ ಹದಿನೈದರ ಮಗ್ಗಿ ತಪ್ಪದಷ್ಟು ನಿಧಾನ.
ಎರಡು ಮುದ್ದೆ ಒಂದಾಯಿತು.
ಆ ಎರಡನೆಯದು ಈಗಲೂ ರಾತ್ರಿ ಕನಸಿಗೆ ಬರುತ್ತದೆ,
ಬಸ್ಸಾರಿನ ಜೊತೆ.

ಸೋಮವಾರ ಸೋಮವಾರ ಕಾಟಾ.
ಖಾಲಿ ಬಾಕ್ಸಿನ ತೂಕ ಕಳೆಯುವ ಹಾಗೆ
ಬೂಟಿನ ತೂಕ ಕಳೆದು ಚೀಟಿಯ ಹಿಂದೆ ಬರೆಯುತ್ತೇನೆ.
ಎಂಬತ್ತೊಂದು. ಎಂಬತ್ತು.
ಮತ್ತೆ ಎಂಬತ್ತೊಂದು (ದೊಡ್ಡಪ್ಪನ ತಿಥಿ, ವಡೆ).
ಎಪ್ಪತ್ತೇಳೂವರೆ,
ಅಲ್ಲೇ ಮೂರು ವಾರ.
ಟೊಮೆಟೊ ರೇಟು ಒಂದೇ ರಾತ್ರಿಯಲ್ಲಿ ಬೀಳುವುದನ್ನು ಕಂಡವಳು ನಾನು,
ಇದು ಯಾಕೆ ಇಷ್ಟು ಸ್ವಾಭಿಮಾನಿ?

ಇವತ್ತು ನಾಲ್ಕನೇ ಸುತ್ತು.
ಮೂರನೇ ಕಂಬ ಯಾವಾಗ ಹಿಂದಾಯಿತೋ ನೋಡಲೇ ಇಲ್ಲ.
ಕೊಳೆತ ಹಣ್ಣಿನ ಹುಳಿ ವಾಸನೆ, ಚಳಿ, ಯಾರದೋ ಮೊಬೈಲಿನ ಸುಪ್ರಭಾತ.
ಮಂಡಿ ಒಂದೆರಡು ಮಾತಾಡಿತು.
ಆಡಲಿ, ಮನೆಯವಳೇ ಆಗಿಹೋಗಿದ್ದಾಳೆ.
ಬೆಟ್ಟದ ತುದಿಬಂಡೆಗೆ ಬಿಸಿಲು ತಾಗುವ ಹೊತ್ತಿಗೆ
ಗೌಸ್ ಪೀರ್ ತಲೆ ಮೇಲೆ ಬಾಕ್ಸು ಹೊತ್ತು
ಆ ಕಡೆ ಮುಖ ಮಾಡಿ ನಿಂತಿದ್ದ.

ಅವನ ಬೆನ್ನ ಹಿಂದೆಯೇ ಹಾದುಹೋದೆ.
ಅವನಿಗೆ ಕೇಳಿಸಲೇ ಇಲ್ಲ.