ತರಬೇತಿಯ ಮೂರನೇ ದಿನ

ಇಪ್ಪತ್ತಾರು ವರ್ಷ ಬೋರ್ಡಿನ ಕಡೆ ನಿಂತವನು
ಮೊನ್ನೆ ಮೊದಲ ಸಲ ಬೆಂಚಿನ ಕಡೆ ಕೂತೆ.
ಮೊಣಕಾಲು ತಗುಲಿತು. ಮರದ ಮೇಲೆ ಯಾರೋ
ಅನಾಟಮಿ ಬ್ಲೇಡಿನ ಮೊನೆಯಲ್ಲಿ ಕೊರೆದಿದ್ದರು:
‘ಇನ್ನೂ ಹದಿನೇಳು ನಿಮಿಷ.’
ನನ್ನ ಕ್ಲಾಸೇ ಇರಬೇಕು.

ಮೈಸೂರಿಂದ ಬಂದ ಹುಡುಗಿ, ನನ್ನದೇ ಹಳೆಯ ವಿದ್ಯಾರ್ಥಿನಿ,
ಕಲಿಸುವುದನ್ನು ಕಲಿಸಿದಳು.
ಹಳದಿ ಚೀಟಿ, ಗುಂಪು ಚರ್ಚೆ, ಗುರಿ ಬರೀರಿ ಸಾರ್.
‘ಅರಿಯುವರು’ ಎಂದು ಬರೆದೆ. ಹೊಡೆದುಹಾಕಿದಳು:
ಅರಿತದ್ದನ್ನ ಅಳೆಯೋದು ಹೇಗೆ ಸಾರ್?

ಮಧ್ಯಾಹ್ನ ಅಣಕು ರೋಗಿ.
ನಮ್ಮ ವಾರ್ಡಿನ ಆಯಾ ಕೆಂಪಾಜಮ್ಮ, ಕೀಲಾರದವಳು,
ಹೊಟ್ಟೆನೋವಿನ ಪಾತ್ರ. ಸೊಗಸಾಗಿ ನರಳಿದಳು.
ಎಲ್ಲಿ, ಎಂದಿನಿಂದ, ಉಂಡ ಮೇಲೋ ಮುಂಚೆಯೋ—
ಪಟ್ಟಿಯ ಹದಿನಾಲ್ಕಕ್ಕೂ ಟಿಕ್ಕು ಬಿತ್ತು.

ಹೆಂಗಿದ್ರು ಡಾಕ್ಟ್ರು, ಎಂದು ಅವಳನ್ನೇ ಕೇಳಿದರು.

‘ಎಲ್ಲಾನೂವೆ ಕೇಳುದ್ರು ಕನವ್ವ.
ಕೂತ್ಕ ಅನ್ನಾದ್ ಮರ್ತ್ಬುಟ್ರು.’

ಆಗ ಕಂಡಿತು: ಮೂರು ಕುರ್ಚಿ ಖಾಲಿ,
ಅವಳು ಹೊಟ್ಟೆ ಹಿಡಿದು ನಿಂತೇ ಇದ್ದಳು.

ಕಾಲೇಜಿನ ವಾರ್ತೆಯಲ್ಲಿ ಸುದ್ದಿ ಬಂದಿದೆ.
ಮಂಡ್ಯದ ಬಿಸಿಲಲ್ಲಿ ಕಣ್ಣು ಕಿರಿದಾದ ನಲವತ್ತು ಬೋಧಕರು,
ನನ್ನ ಕೈಯಲ್ಲೊಂದು ಪ್ರಮಾಣಪತ್ರ.
ಚಿತ್ರದಂಚಿಗೆ ಅರ್ಧ ಸೆರಗು, ಟೀ ತಟ್ಟೆ ಹಿಡಿದ ಒಂದು ಕೈ,
ಇನ್ನೂ ನಿಂತೇ.