ಅಮ್ಮತ್ತಿಯ ಕಣದಲ್ಲಿ ಹಾಯಿ

ಹನ್ನೊಂದು ದಿನ ಹಾಯಿಹಡಗಲ್ಲಿ ಸುತ್ತಿ ಬಂದ ದೇಚಕ್ಕನನ್ನು
ಕಾಫಿ ಕಣದಲ್ಲಿ ಎಲ್ಲರೂ ಕೇಳಿದರು:
ದ್ವೀಪಗಳು ಹೇಗಿದ್ದವು?

ವಾಂತಿ, ಅಂದಳು. ಆರು ದಿನ ಬರೀ ವಾಂತಿ.
ಆಮೇಲೆ ಲವಂಗದ ವಾಸನೆ, ದಡ ಕಾಣುವ ಮೊದಲೇ.
ನಮ್ಮದೇ ಮೆಣಸಿನ ಬಳ್ಳಿ ಅಲ್ಲೂ ಇತ್ತಂತೆ,
ಯಾವುದೋ ಮರ ತಬ್ಬಿಕೊಂಡು,
ಗುರುತು ಹತ್ತದವರ ಹಾಗೆ.
ಫೋಟೋಗಳು ಫೋನಿನ ಜೊತೆ ನೀರುಪಾಲು.

ನಾಲ್ಕಕ್ಕೆ ಮೂಡಣ ಗಾಳಿ ಎದ್ದು
ನೀಲಿ ಟಾರ್ಪಾಲು ಹೊಟ್ಟೆಯುಬ್ಬಿಸಿ ಹೊರಟೇಬಿಟ್ಟಿತು.
ಅಸ್ಸಾಮಿನ ಹುಡುಗ ಇನಾಮುಲ್, ರೈಟರು,
ಇಬ್ಬರೂ ಒಂದೊಂದು ಮೂಲೆಗೆ ಜೋತುಬಿದ್ದರು.
ದೇಚಕ್ಕ ಸೆರಗು ಸಿಕ್ಕಿಸಿ ಹಗ್ಗ ಕಸಿದಳು:
ಗೂಟಕ್ಕೊಂದು ಸುತ್ತು, ಅಡಿಯಿಂದ ಇನ್ನೊಂದು,
ಎಳೆದಳು.
ನಿಂತಿತು.

ಯಾರು ಕಲಿಸಿದ್ದಕ್ಕಾ?
ಒಬ್ಬ ಇದ್ದ, ಹಲ್ಲಿಲ್ಲದ ಮುದುಕ. ಮಾತು ತಿಳೀತಿರಲಿಲ್ಲ.
ಕಟ್ಟೋದು ಮಾತ್ರ ಬರುತ್ತೆ ನನಗೆ;
ಬಿಚ್ಚೋದು ಕಲಿಯುವ ಮೊದಲೇ
ಬಂದರು ಬಂತು.